ಕಳೆದುಹೋದದ್ದರ ಲೆಕ್ಕ

ಊರಿನ ಗಾಳಿಯಲ್ಲಿ ಬೆಂಜೋ-ಎ-ಪೈರೀನ್ ಹುಡುಕುವುದು ರುಚಿಕಟ್ಟಾದ ಕೆಲಸ ಎಂದರೆ ನಗುವವರೇ ಹೆಚ್ಚು. ಡೀಸೆಲ್, ಸೌದೆ, ಕಸದ ರಾಶಿ, ಯಾವುದು ಅರೆಬರೆ ಉರಿದರೂ ಹುಟ್ಟಿಕೊಳ್ಳುವ ಬಹುಚಕ್ರೀಯ ಆರೋಮ್ಯಾಟಿಕ್ ಹೈಡ್ರೋಕಾರ್ಬನ್‌ಗಳ ದೊಡ್ಡ ಸಂಸಾರದಲ್ಲಿ, ಕ್ಯಾನ್ಸರ್ ತರುವುದೆಂಬ ಬಗ್ಗೆ ಅನುಮಾನವೇ ಉಳಿಯದ ಆಸಾಮಿ ಅದು. 2009ರ ನಮ್ಮ ರಾಷ್ಟ್ರೀಯ ಮಾನದಂಡ ಅದಕ್ಕೆ ಹಾಕಿರುವ ವಾರ್ಷಿಕ ಮಿತಿ ಘನ ಮೀಟರಿಗೆ 1 ನ್ಯಾನೊಗ್ರಾಂ. ನಿಮಿಷಕ್ಕೆ 1.1 ಘನ ಮೀಟರ್ ಗಾಳಿ ಎಳೆಯುವ ಸ್ಯಾಂಪ್ಲರ್ ಹಗಲೂ ರಾತ್ರಿ ಓಡಿದರೂ ಆ ಲೆಕ್ಕದಲ್ಲಿ ಫಿಲ್ಟರಿಗೆ ದಕ್ಕುವುದು ಒಂದೂವರೆ ಮೈಕ್ರೊಗ್ರಾಂ ಚಿಲ್ಲರೆ. ಇಷ್ಟರ ಬೆನ್ನು ಹತ್ತಿದವರಿಗೆ ಮೊದಲು ಅಂಟುವ ಗುಣ ಸಂಶಯ. ಗಾಳಿಯನ್ನೇ ಎಳೆಯದ ಒಂದು ಫಿಲ್ಟರನ್ನೂ ಒಯ್ದು, ತಂದು, ದ್ರಾವಕದಲ್ಲಿ ತೊಳೆದು ಅಳೆಯಬೇಕು. ಅದರ ನಕ್ಷೆಯಲ್ಲೂ ಬೆಂಜೋ-ಎ-ಪೈರೀನಿನ ಶಿಖರ ಕಂಡರೆ ಆ ಕೊಳೆ ಊರಿನದಲ್ಲ, ನಮ್ಮದೇ ಗಾಜಿನ ಸಾಮಾನಿನದೋ ದ್ರಾವಕದ್ದೋ ಇರಬೇಕು. ಏನೂ ಇಲ್ಲವೆಂದು ತೋರಿಸಲು ಇಷ್ಟು ಬೆವರು!

ನಿಮಿಷ ನಿಮಿಷಕ್ಕೂ ಪಿಎಂ 2.5 ತೋರಿಸುವ ಪುಟ್ಟ ಯಂತ್ರಗಳಿರುವಾಗ ಈ ತಪಸ್ಸು ಯಾಕೆ ಎನ್ನಬಹುದು. ಆ ಯಂತ್ರ ಮೊತ್ತ ಹೇಳುತ್ತದೆ, ಜಾತಕ ಹೇಳುವುದಿಲ್ಲ. ರಸ್ತೆಯ ಮಣ್ಣೂ ಎಂಜಿನ್ನಿನ ಮಸಿಯೂ ಅದಕ್ಕೆ ಒಂದೇ. ಇನ್ನೊಂದು ಆಕ್ಷೇಪಕ್ಕೆ ಇದಕ್ಕಿಂತ ತೂಕವಿದೆ. ಫಿಲ್ಟರಿನ ಮೇಲೆ ಕೂತ ಬೆಂಜೋ-ಎ-ಪೈರೀನನ್ನು ಓಜೋನ್ ಅಲ್ಲೇ ತಿನ್ನುತ್ತಿರುತ್ತದೆ; ಕೊನೆಗೆ ಬರುವ ಅಂಕಿ ಸುಳ್ಳಲ್ಲವೇ? ಕಡಿಮೆ ಎನ್ನಿ, ಒಪ್ಪುತ್ತೇನೆ. ಭಾರ ಹೈಡ್ರೋಜನ್ ತೊಡಿಸಿದ ಅದೇ ವಸ್ತುವನ್ನು ತೊಳೆಯುವ ಮೊದಲೇ ಇಷ್ಟೆಂದು ಅಳೆದು ಫಿಲ್ಟರಿಗೆ ಹಾಕಿದರೆ, ಪ್ರಯೋಗಾಲಯದಲ್ಲಿ ಎಷ್ಟು ಸೋರಿತೆಂದು ಗೊತ್ತಾಗುತ್ತದೆ; 252ರ ಬದಲು 264 ಅಣುತೂಕದ ಅದನ್ನು ಮಾಸ್ ಸ್ಪೆಕ್ಟ್ರೋಮೀಟರ್ ಬೇರೆಯಾಗಿಯೇ ಗುರುತಿಸುತ್ತದೆ. ಆದರೆ ಬೀದಿಯಲ್ಲಿ ಓಜೋನ್ ತಿಂದದ್ದಕ್ಕೆ ಅದು ಸಾಕ್ಷಿಯಲ್ಲ.

ಇಲ್ಲಿಗೆ ಬರಬೇಕಾದದ್ದು ನನ್ನ ಮೆಚ್ಚಿನ ಅವಳಿ, ಬೆಂಜೋ-ಇ-ಪೈರೀನ್. ಅದೂ 252, ತೂಕ ನೋಡಿ ಇಬ್ಬರನ್ನು ಬಿಡಿಸಲಾಗದು, ಕ್ರೊಮಟೋಗ್ರಾಫಿನ ಕಾಲಮ್ಮೇ ಬಿಡಿಸಬೇಕು. 'ಇ' ತುಸು ಮುಂಚೆ, 'ಎ' ಅದರ ಹಿಂದೆಯೇ. ಎರಡು ಶಿಖರಗಳ ನಡುವಿನ ಕಣಿವೆ ಚೊಕ್ಕವಾಗಿ ಬಿದ್ದ ದಿನದ ಸುಖವೇ ಬೇರೆ. ಹೊಗೆ ಹುಟ್ಟುವಾಗ ಇಬ್ಬರೂ ಹೆಚ್ಚುಕಡಿಮೆ ಸಮ. ಬಿಸಿಲಿಗೂ ಓಜೋನಿಗೂ 'ಇ' ಅಷ್ಟಾಗಿ ಜಗ್ಗುವುದಿಲ್ಲ, 'ಎ' ಸವೆಯುತ್ತದೆ. ಹಾಗಾಗಿ ಇಬ್ಬರ ಅನುಪಾತ ಆ ಹೊಗೆ ಪಕ್ಕದ ಬೀದಿಯದೋ ದೂರದಿಂದ ತೇಲಿ ಬಂದದ್ದೋ ಎಂಬುದಕ್ಕೆ ಸುಳಿವು. ಫಿಲ್ಟರಿನ ಮೇಲಾದ ನಷ್ಟವೂ ಇದೇ ಲೆಕ್ಕಕ್ಕೆ ಸೇರುತ್ತದಲ್ಲ ಎಂದು ಹಿಡಿಯುವವರು ಹಿಡಿಯುತ್ತಾರೆ, ಹಿಡಿಯಲೂಬೇಕು. ಅವರಿಗಾಗಿ ಪಕ್ಕದಲ್ಲೇ ಇನ್ನೊಂದು ಸ್ಯಾಂಪ್ಲರ್ ಇಟ್ಟು, ಅದರ ಬಾಯಿಗೆ ಓಜೋನ್ ಹೀರುವ ಕೊಳವೆ ಜೋಡಿಸಬೇಕು. ಎರಡರ ವ್ಯತ್ಯಾಸ ಫಿಲ್ಟರಿನ ಪಾಲು. ಉಳಿದದ್ದು ಗಾಳಿಯ ವಯಸ್ಸು.