ಚಿತ್ರರೂಪವೂ ಕೋಳಿಯ ಗರಿಯೂ

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ರೂಪವು ಏಳು ಬಗೆಯೆಂಬುದೂ, ಅವುಗಳಲ್ಲಿ ಕಡೆಯದು ಚಿತ್ರವೆಂಬುದೂ ತಿಳಿದೇ ಇರುವುದು. ನಾನಾ ಬಣ್ಣದ ನೂಲುಗಳಿಂದ ನೆಯ್ದ ವಸ್ತ್ರಕ್ಕೆ ಚಿತ್ರವೆಂಬ ಒಂದೇ ರೂಪವುಂಟೆಂದು ಪ್ರಾಚೀನರು ಹೇಳಿದರು. ಅಲ್ಲಿರುವುವು ಹಲವು ರೂಪಗಳೇ ಹೊರತು ಬೇರೊಂದಿಲ್ಲವೆಂದು ನವೀನರು ವಾದಿಸಿದರು. ಪಾಠಶಾಲೆಯ ಈ ವಾದವು ಕೋಳಿಗೂಡಿನ ಬಳಿಯಲ್ಲಿ ಪ್ರಯೋಜನಕ್ಕೆ ಬಂದೀತೆಂದು ಯಾರು ತಾನೆ ಎಣಿಸಿಯಾರು?

ಹೇಮಾವತಿ ಕಾವೇರಿಗಳ ನಡುವಣ ನಮ್ಮ ಅರಕಲಗೂಡು ಸೀಮೆಯ ಒಂದು ಹಳ್ಳಿಯಲ್ಲಿ ಕೆಲವು ವರ್ಷಗಳ ಹಿಂದೆ ವ್ಯಾಜ್ಯವೊಂದು ಹುಟ್ಟಿತು. ಬೂದಿ ಬಣ್ಣದ ಹುಂಜಕ್ಕೂ ಹೇಂಟೆಗೂ ಆದ ಮರಿಗಳಲ್ಲಿ ಕೆಲವು ಕಪ್ಪಾದುವು. ಕೆಲವು ಬೂದಿಯ ಚಿಮುಕುಗಳುಳ್ಳ ಬಿಳಿಯವಾದುವು. ಅವುಗಳನ್ನು ಪಾಲಿಗೆ ಸಾಕುತ್ತಿದ್ದ ಬಡ ಹೆಂಗಸು ಮೊಟ್ಟೆಗಳನ್ನು ಬದಲಾಯಿಸಿದಳೆಂದು ಒಡೆಯನು ದೂರಿ, ಅವಳ ಪಾಲನ್ನು ತಡೆದನು.

ಮೆಂಡೆಲನು ಬಟಾಣಿ ಗಿಡಗಳಲ್ಲಿ ಕಂಡು ೧೮೬೬ರಲ್ಲಿ ಪ್ರಕಟಿಸಿದ ನಿಯಮವನ್ನು, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕೇಂಬ್ರಿಡ್ಜಿನ ಬೇಟ್ಸನ್, ಪನ್ನೆಟ್ ಎಂಬ ವಿದ್ವಾಂಸರು ಆಂಡಲೂಸಿಯನ್ ಎಂಬ ಬೂದಿನೀಲಿಯ ಕೋಳಿಗಳಲ್ಲಿ ಪರೀಕ್ಷಿಸಿದರು. ಮರಿಗೆ ತಂದೆಯಿಂದೊಂದು, ತಾಯಿಯಿಂದೊಂದು ವರ್ಣಬೀಜವು ಬರುವುದು. ಎರಡೂ ಕಪ್ಪಿನವಾದರೆ ಮರಿ ಕಪ್ಪು, ಎರಡೂ ಬಿಳುಪಿನವಾದರೆ ಚಿಮುಕುಬಿಳುಪು, ಒಂದೊಂದಾದರೆ ಬೂದಿ. ಆದುದರಿಂದ ಬೂದಿಯ ಜೋಡಿಗೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಕಪ್ಪು, ಎರಡು ಬೂದಿ, ಒಂದು ಬಿಳುಪು. ಕಪ್ಪನ್ನೂ ಈ ಬಗೆಯ ಬಿಳುಪನ್ನೂ ಕೂಡಿಸಿದರೆ ಮಾತ್ರ ಮರಿಗಳೆಲ್ಲವೂ ಬೂದಿಯೇ.

ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಗರಿಯಲ್ಲಿ ಕಾಣುವುದು ನೀರಕ್ಷೀರನ್ಯಾಯ, ಬೀಜದಲ್ಲಿರುವುದು ತಿಲತಂಡುಲನ್ಯಾಯ. ಶಾರ್ಟ್‌ಹಾರ್ನ್ ಎಂಬ ಆಂಗ್ಲ ತಳಿಯ ದನಗಳಲ್ಲಿಯಾದರೋ, ಕೆಂಪಿಗೂ ಬಿಳುಪಿಗೂ ಹುಟ್ಟಿದ ಕರುವಿನ ಮೈಮೇಲೆಯೇ ಕೆಂಪು ಕೂದಲೂ ಬಿಳಿಯ ಕೂದಲೂ ಬೇರೆ ಬೇರೆಯಾಗಿ ಕಲೆತಿರುವುವು. ಇದನ್ನು ಸಹಪ್ರಾಬಲ್ಯವೆಂದೂ, ಕೋಳಿಯ ಬೂದಿಯನ್ನು ಅಪೂರ್ಣ ಪ್ರಾಬಲ್ಯವೆಂದೂ ಈಗಿನವರು ವಿಂಗಡಿಸುವರು. ಎರಡರಲ್ಲಿಯೂ ಬೀಜಗಳು ಒಂದರೊಳಗೊಂದು ಕರಗುವುದಿಲ್ಲ. ಮುಂದಿನ ತಲೆಯಲ್ಲಿ ಮತ್ತೆ ಬಿಡಿಯಾಗಿ ಹೊರಬೀಳುವುವು. ಇಷ್ಟರ ಮಟ್ಟಿಗೆ ನವೀನರ ಪಕ್ಷವೇ ಬಲವಾದುದೆಂದು ನನಗೆ ತೋರುವುದು.

ಎಳ್ಳನ್ನೂ ಅಕ್ಕಿಯನ್ನೂ ಜಗಲಿಯ ಮೇಲೆ ಜೊತೆಜೊತೆಯಾಗಿಟ್ಟು ಇದನ್ನು ತೋರಿಸಿಕೊಟ್ಟೆನು. ಬಣ್ಣವೊಂದೇ ಕಳ್ಳತನಕ್ಕೆ ಸಾಕ್ಷಿಯಾಗಲಾರದೆಂದು ಒಡೆಯನು ಒಪ್ಪಿದನು. ಹೆಂಗಸಿಗೆ ಪಾಲು ಸಂದಿತು.

ಮನುಷ್ಯರ ಮೈಬಣ್ಣವು ಅನೇಕ ಬೀಜಗಳ ಕಾರ್ಯವಾದುದರಿಂದ ಕೋಳಿಯ ಲೆಕ್ಕವು ಅಲ್ಲಿ ಹಾಗೆಯೇ ನಡೆಯದು. ಆದರೂ ತಂದೆತಾಯಿಗಳಲ್ಲಿ ಕಾಣದ ಬಣ್ಣವು ಮಗುವಿನಲ್ಲಿ ಕಾಣಬಹುದೆಂಬುದು ಎರಡೆಡೆಯಲ್ಲಿಯೂ ಸತ್ಯ. ಕಪ್ಪು ಮಗುವನ್ನು ಹೆತ್ತಳೆಂದು ಸೊಸೆಯನ್ನು ಚುಚ್ಚಿ ನುಡಿಯುವ ಮನೆಗಳು ನಮ್ಮಲ್ಲಿ ಇಂದಿಗೂ ಉಂಟು. ಅಂಥವರು ಒಮ್ಮೆ ಕೋಳಿಗೂಡಿನ ಬಾಗಿಲನ್ನು ತೆರೆದು ನೋಡುವುದೊಳ್ಳೆಯದು.