ಪಾರ್ಲೆಯಲ್ಲಿ ಮನೆ ಕೊಳ್ಳುವ ಮುನ್ನ

ವಿಲೆ ಪಾರ್ಲೆ ಪೂರ್ವದಲ್ಲಿ ನಾನು ಬಾಡಿಗೆಗಿರುವ ಕಟ್ಟಡಕ್ಕೆ ನಾಲ್ಕೇ ಮಹಡಿ. "ರೀಡೆವಲಪ್‌ಮೆಂಟ್‌ಗೆ ಹೋದರೆ ದುಡ್ಡು ಎರಡು ಪಟ್ಟು" ಎನ್ನುವ ಏಜೆಂಟರು ಇಲ್ಲಿ ಗಲ್ಲಿಗೊಬ್ಬರು. ಆದರೆ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ. ಕಟ್ಟಡ ಎಷ್ಟು ಎತ್ತರ ಏಳಬಹುದು ಎಂಬುದಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ಮಿತಿಯಿದೆ. ಏಜೆಂಟರ ಎರಡು ಪಟ್ಟಿನ ಲೆಕ್ಕ ಆ ಮಿತಿಗೆ ತಾಗಿ ನಿಂತುಬಿಡಬಹುದು.

ಶಿರಸಿ ಕಡೆಯ ಗೆಳೆಯನೊಬ್ಬ ಊರಿನ ಅಡಿಕೆ ತೋಟದ ತನ್ನ ಪಾಲು ಮಾರಿ ಇಲ್ಲಿ ಫ್ಲ್ಯಾಟ್ ಹಿಡಿಯಲು ಹೊರಟಿದ್ದ. ಬಿಲ್ಡರ್ ಬರೀ ರಸೀದಿಯ ಮೇಲೆ 20 ಪರ್ಸೆಂಟ್ ಕೇಳಿದ್ದ.

"ಈ ವಾರ ಕೊಡದಿದ್ರೆ ರೇಟು ಏರ್ತದಂತೆ ಮಾರಾಯ."

"ಏರಲಿ. ಮೊದಲು ಮಹಾರೇರಾ ನಂಬರ್ ಕೇಳು" ಅಂದೆ.

2016ರ ರೇರಾ ಕಾಯ್ದೆಯ ಪ್ರಕಾರ, ಒಪ್ಪಂದ ನೋಂದಣಿಯಾಗುವ ಮೊದಲು ಬೆಲೆಯ 10 ಪರ್ಸೆಂಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಖರೀದಿದಾರರಿಂದ ಬಂದ ಹಣದ 70 ಪರ್ಸೆಂಟ್ ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿರಬೇಕು. ಮಹಾರೇರಾ ಜಾಲತಾಣದಲ್ಲಿ ನೋಡಿದರೆ, ಬಿಲ್ಡರ್ ಬಾಯಲ್ಲಿ ಹೇಳಿದ್ದಕ್ಕೂ ಅಲ್ಲಿ ದಾಖಲಾದ ಮುಗಿಯುವ ದಿನಾಂಕಕ್ಕೂ ಎರಡು ವರ್ಷದ ಅಂತರ! ಗೆಳೆಯ ತೋಟದ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿದ.

ಹೊಸದಾಗಿ ಕೊಳ್ಳಲು ಹೊರಟವರಿಗೆ ಇನ್ನಷ್ಟು ಮಾತು. ಬೆಲೆಯನ್ನು ಕಾರ್ಪೆಟ್ ಏರಿಯಾಕ್ಕೆ ಭಾಗಿಸಿ ನೋಡಿ, ಬ್ರೋಷರಿನ ದೊಡ್ಡ ಅಂಕಿಗಲ್ಲ. ಸಿದ್ಧ ಮನೆಯಾದರೆ ಪಾಲಿಕೆಯ ಓಸಿ, ಹಳೆಯದಾದರೆ ಸೊಸೈಟಿಯ ಷೇರು ಪತ್ರ ಕೇಳಿ. ಸ್ಟ್ಯಾಂಪ್ ಡ್ಯೂಟಿಗೇ 5–6 ಪರ್ಸೆಂಟ್ ಬೇರೆ ಎತ್ತಿಡಿ. ಮುಂಗಡಕ್ಕೆ ಮುನ್ನ ನಿಮ್ಮದೇ ವಕೀಲರಿಗೆ ಕಾಗದ ತೋರಿಸಿ, ಬಿಲ್ಡರ್ ಕೊಡುವ ವಕೀಲರಿಗಲ್ಲ.

ಕೈತಪ್ಪಿದ ಫ್ಲ್ಯಾಟಿನಂಥದ್ದು ಇನ್ನೊಂದು ಸಿಗುತ್ತದೆ. ಅಜ್ಜ ನೆಟ್ಟ ತೋಟ ಮಾರಿದರೆ ಮತ್ತೆ ಸಿಗುವುದಿಲ್ಲ.