ಕೋಳಿಗೂಡಿಗೆ ಏನು ಹಾಸೋದು?

ವಾಚನಾಲಯದ ಪುಸ್ತಕಕ್ಕೆ ನೀವೂ ಒಂದು ಬರೀರಿ ಅಂತ ಮೇಷ್ಟ್ರು ಮನೆಗೇ ಬಂದು ಕೇಳಿದರು. ಸೋಬಾನೆ ಪದದ ವಿಚಾರ ಬರೀತೀನಿ ಅಂತ ಅವರು ತಿಳಕೊಂಡಿದ್ರು. ಪದ ಬಾಯಿಗೆ ಬರುತ್ತೆ, ಅದರ ಬಗ್ಗೆ ಬರೆಯೋಕೆ ನನಗೆ ಬರಲ್ಲ. ಅದಕ್ಕೇ ನನ್ನ ಕೈಯಾರೆ ಕೆಡಿಸಿ ಕಲಿತ ಒಂದು ವಿಷಯ ಬರೀತಿದೀನಿ. ಕೋಳಿ ಸಾಕೋರಿಗೆ ಉಪಯೋಗಕ್ಕೆ ಬರಬಹುದು.

ನನ್ನ ತವರು ತಾಳವಾಡಿ ಸೀಮೆ. ಅಲ್ಲಿನ ಕನ್ನಡ ಇಸ್ಕೂಲಲ್ಲಿ ಏಳನೇ ಕ್ಲಾಸು ಓದಿ, ಮದುವೆಯಾಗಿ ಈ ಉಡುಮಲೈಪೇಟೆ ಕಡೆಗೆ ಬಂದೆ. ತವರಲ್ಲಿ ಕೋಳಿಗೆ ಹಾಸು ಅನ್ನೋ ಮಾತೇ ಇರಲಿಲ್ಲ. ಹಗಲೆಲ್ಲಾ ತಿಪ್ಪೆ ಕೆದಕೋವು, ಸಂಜೆ ಕುಕ್ಕೆ ಕವುಚಿ ಹಾಕ್ತಿದ್ವಿ. ಕೆಳಗೆ ಒಲೆ ಬೂದಿ, ಮೇಲೆ ಒಂದಿಷ್ಟು ರಾಗಿ ಹುಲ್ಲು. ಬೆಳಿಗ್ಗೆ ಅವ್ವ ಗುಡಿಸಿ ತಿಪ್ಪೆಗೆ ಹಾಕ್ತಿದ್ಲು, ಅಷ್ಟೇ. ಈಗ ನಮ್ಮ ಮನೆ ರೋಡಿನ ಪಕ್ಕ. ನಾಯಿ ಕಾಟ, ಮುಂಗುಸಿ ಕಾಟ, ಲಾರಿ ಕಾಟ. ಹಿತ್ತಲಲ್ಲಿ ಸಿಮೆಂಟು ನೆಲ ಹಾಕಿ ಬಲೆ ಕಟ್ಟಿ ಗೂಡು ಮಾಡಿಸಿದ್ವಿ. ಕೋಳಿ ಇಪ್ಪತ್ತನಾಲ್ಕು ಗಂಟೆ ಒಳಗೇ ಇದ್ದರೆ ಹಿಕ್ಕೆ, ಚೆಲ್ಲಿದ ನೀರು ಎಲ್ಲಾ ಅಲ್ಲೇ. ಅದನ್ನ ಹೀರಬೇಕು, ತಂಡಿ ತಡೀಬೇಕು, ಕೋಳಿಗೆ ಕೆದಕೋಕೂ ಆಗಬೇಕು. ಅಂಥ ಹಾಸು ಬೇಕು.

ಮೂರು ವರ್ಷದ ಹಿಂದೆ ನನ್ನ ಮೊಮ್ಮಗಳು ಸೈಕಲ್ಲಿಗೆ ಅಂತ ಕೂಡಿಟ್ಟಿದ್ದ ದುಡ್ಡಲ್ಲಿ ಮೂವತ್ತು ನಾಟಿ ಮರಿ ತಂದಳು. ಬೆಳೆಸಿ ಮಾರಿ ಇನ್ನೂ ದೊಡ್ಡ ಸೈಕಲ್ ತಗೋತೀನಿ ಅಂದಳು. ನನ್ನ ಮಗ ತಿರುಪ್ಪೂರಲ್ಲಿ ಬನಿಯನ್ ಕೆಲಸಕ್ಕೆ ಹೋಗ್ತಾನೆ. "ಅವ್ವ, ಕಟಿಂಗ್ ವೇಸ್ಟು ಮೂಟೆಗಟ್ಟಲೆ ಇದೆ, ಮೆತ್ತಗಿರುತ್ತೆ" ಅಂತ ಒಂದು ಚೀಲ ತಂದ. ನೋಡೋಕೆ ಹಾಸಿಗೆ ಥರಾನೇ ಇತ್ತು. ನಾಲ್ಕನೇ ದಿನಕ್ಕೆ ನೂಲಿನ ಎಳೆ ಮರಿಗಳ ಕಾಲಿಗೆ ಸುತ್ತಿಕೊಂಡು ಬಿಗಿದು ಊದಿತ್ತು. ಎರಡು ಮರಿ ಹೋದವು. ಬಟ್ಟೆ ಮೇಲೆ ಒಣಗಿದ ಹಾಗೆ ಕಂಡರೂ ಕೆಳಗೆ ನೀರು ಹಾಗೇ ನಿಂತಿತ್ತು. ಅದನ್ನೆಲ್ಲಾ ಬಾಚಿ ಎಸೆದೆ.

ಆಮೇಲೆ ಮಾಡಿದ್ದು ನನ್ನದೇ ತಪ್ಪು. ನಮ್ಮ ಹೊಲದ ಕಡಲೆಕಾಯಿ ಸುಲಿದ ಸಿಪ್ಪೆ ಕೊಟ್ಟಿಗೆ ಹಿಂದೆ ರಾಶಿ ಬಿದ್ದಿತ್ತು. ಅದು ಐಪಸಿ ತಿಂಗಳು, ಮಳೆ ಹಿಡಿದಿತ್ತು. ರಾಶಿ ಮೇಲೆ ನೆನೆದಿದೆ, ಒಳಗೆ ಒಣಗಿದೆ ಅಂತ ಕೈ ಹಾಕಿ ತೆಗೆದೆ. ಅಲ್ಲಲ್ಲಿ ಹಸುರು ಬೂಷ್ಟು ಇತ್ತು. ನೋಡಿದೆ. ನೋಡಿಯೂ, ಬಿಸಿಲಿಗೆ ಸರಿಹೋಗುತ್ತೆ ಬಿಡು, ದುಡ್ಡು ಕೊಡೋ ಹಾಗಿಲ್ಲವಲ್ಲ ಅಂತ ಹರಡಿದೆ. ಒಂದು ವಾರಕ್ಕೆ ಮರಿಗಳು ಕೊಕ್ಕು ತೆಗೆದು, ಕತ್ತು ಚಾಚಿ ಉಸಿರು ಎಳೆಯೋಕೆ ಶುರುವಾದವು. ದಿನಾ ಎರಡು, ಮೂರು. ಒಟ್ಟು ಹದಿನೇಳು ಸತ್ತವು.

ಸತ್ತ ಒಂದನ್ನ ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟರು ಕುಯ್ದು ಶ್ವಾಸಕೋಶ ತೋರಿಸಿದರು. ರವೆ ಚೆಲ್ಲಿದ ಹಾಗೆ ಬಿಳಿ, ಹಳದಿ ಕಾಳು. "ಗೂಡಿಗೆ ಏನಮ್ಮಾ ಹಾಕಿದ್ರಿ?" ಅಂದರು. ಹೇಳಿದೆ. ಬೂಷ್ಟಿನ ಪುಡಿ ಗಾಳೀಲಿ ಎದ್ದು ಎದೆಯೊಳಗೆ ಹೋಗಿ ಅಲ್ಲೇ ಬೆಳೆಯುತ್ತೆ, ಎಳೇ ಮರಿ ತಡೆಯಲ್ಲ, ಇದಕ್ಕೆ ಔಷಧಿಗಿಂತ ಹಾಸು ಬದಲಾಯಿಸೋದೇ ಸರಿ ಅಂದರು. ಆ ಸಿಪ್ಪೆ ಹರಡಿದ್ದು, ಬಾಚಿದ್ದು ಎಲ್ಲಾ ನಾನೇ, ಬಾಯಿಗೆ ಬಟ್ಟೆ ಕೂಡ ಕಟ್ಟಿರಲಿಲ್ಲ. ಆ ತಿಂಗಳು ಕೆಮ್ಮು ಬಿಡಲೇ ಇಲ್ಲ. ನಮ್ಮ ಓರಗಿತ್ತಿ ಮಗಳ ಮದುವೇಲಿ ಅರಿಶಿನ ಹಚ್ಚೋ ಹೊತ್ತಿಗೆ ಸೋಬಾನೆ ಎತ್ತಿಕೊಂಡೆ, ಎರಡನೇ ಸೊಲ್ಲಿಗೆ ದನಿ ಕಟ್ಟಿಹೋಯಿತು. ಬೇರೆಯವರು ಹಾಡಿ ಮುಗಿಸಿದರು. ಅದು ಆ ಧೂಳಿಂದಲೇ ಅಂತ ಯಾರೂ ಹೇಳಲಿಲ್ಲ. ಆದರೆ ಅವತ್ತು ಕೂತಲ್ಲೇ ಆ ಮರಿಗಳು ಕೊಕ್ಕು ತೆಗೆದದ್ದು ನೆನಪಾಯಿತು.

ಮೊಮ್ಮಗಳು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಉಳಿದ ಹನ್ನೊಂದನ್ನ ಮಾತಾಡದೆ ಎಣಿಸ್ತಿದ್ಲು.

ಆಮೇಲೆ ನಾನು ಕೇಳದ ಜನ ಇಲ್ಲ. ನಮ್ಮ ಪಲ್ಲಡಂ, ಉಡುಮಲೈಪೇಟೆ ಕಡೆ ಬ್ರಾಯ್ಲರ್ ಶೆಡ್ಡು ಎಷ್ಟಿದೆ ಅಂತ ನಿಮಗೇ ಗೊತ್ತು. ಅಲ್ಲಿ ಕೆಲಸ ಮಾಡೋ ಹೆಂಗಸರನ್ನ ಕೇಳಿದೆ, ಪೊಳ್ಳಾಚಿಯ ನಾರಿನ ಫ್ಯಾಕ್ಟರಿಯವರನ್ನ ಕೇಳಿದೆ. ನಾನು ತಿಳಕೊಂಡದ್ದು ಇಷ್ಟು.

ಭತ್ತದ ಉಮಿ ನಮ್ಮ ಕಡೆಗೆ ಒಳ್ಳೇದು. ಅಮರಾವತಿ ನೀರಿನ ಗದ್ದೆ ಇರೋ ಊರಲ್ಲೂ, ಕಾಂಗೇಯಂ ಕಡೆಯ ರೈಸ್ ಮಿಲ್ಲಲ್ಲೂ ಸಿಗುತ್ತೆ. ಬೇಗ ಗಂಟು ಕಟ್ಟಲ್ಲ, ಕೆದಕಿದರೆ ಸಡಿಲಾಗುತ್ತೆ. ನೀರು ಹೀರೋದು ಮಾತ್ರ ಸ್ವಲ್ಪ ಕಮ್ಮಿ.

ತೆಂಗಿನ ನಾರಿನ ಪುಡಿ ನೀರು ಹೀರೋದ್ರಲ್ಲಿ ಎಲ್ಲಕ್ಕಿಂತ ಮುಂದು. ಅದರ ದೋಷವೂ ಅದೇ. ಬಯಲಲ್ಲಿ ರಾಶಿ ಬಿದ್ದು ಮಳೆ ಕುಡಿದ ಪುಡಿಯನ್ನ ತಂದು ಹಾಕಿದ್ರೆ, ಒದ್ದೆ ಬಟ್ಟೆ ಮೇಲೆ ಮರಿ ಮಲಗಿಸಿದ ಹಾಗೆ. ಎರಡು ಮೂರು ಬಿಸಿಲು ಕಾಯಿಸಿಯೇ ಹಾಕಬೇಕು.

ಮರ ಕುಯ್ಯೋ ಮಿಲ್ಲಿನ ಸಣ್ಣ ಹೊಟ್ಟು ಬೇಡ. ನಮ್ಮ ಪಾಲಕ್ಕಾಡು ಕಣಿವೆಯ ಆಡಿ ಗಾಳಿಗೆ ಕಣ್ಣು, ಮೂಗು ಎಲ್ಲಾ ತುಂಬುತ್ತೆ. ಮರಿಗಳು ಅದನ್ನೇ ನುಚ್ಚು ಅಂತ ತಿಂತಾವೆ. ಉಜ್ಜುಗೊರಡು ಹಿಡಿದಾಗ ಬರೋ ಸುರುಳಿ ಸಿಪ್ಪೆ ಆದ್ರೆ ಆಗಬಹುದು. ಭತ್ತದ ಹುಲ್ಲು ಹಾಕೋದಾದ್ರೆ ಕತ್ತರಿಸಿ ಹಾಕಿ, ಉದ್ದುದ್ದ ಹಾಕಿದ್ರೆ ಚಾಪೆ ಥರ ಹೆಪ್ಪುಗಟ್ಟುತ್ತೆ. ಕಡಲೆಕಾಯಿ ಸಿಪ್ಪೆ ಒಣಗಿ ಗಲಗಲ ಅಂತಿದ್ರೆ ಹಾಕಿ. ಒಂದೇ ಒಂದು ಸಿಪ್ಪೇಲಿ ಬೂಷ್ಟು ಕಂಡರೂ ಆ ರಾಶಿ ಬೇಡ.

ನಾನು ಈಗ ಮೂರು ಪಾಲು ಉಮಿಗೆ ಒಂದು ಪಾಲು ಒಣಗಿದ ನಾರಿನ ಪುಡಿ ಬೆರೆಸಿ, ಎರಡು ಮೂರು ಇಂಚು ದಪ್ಪ ಹಾಸ್ತೀನಿ. ಹೊಸ ಮರಿಗೆ ಮೊದಲ ನಾಲ್ಕೈದು ದಿನ ಅದರ ಮೇಲೆ ಒರಟು ಕಾಗದ. ನುಣುಪು ಕಾಗದ ಹಾಕಿದ್ರೆ ಕಾಲು ಜಾರಿ ಅಗಲವಾಗಿಬಿಡುತ್ತೆ.

ಹಾಸಿದ ಮೇಲೆ ಮುಗೀತು ಅನ್ನಬೇಡಿ. ದಿನಾ ಒಂದು ಸಾರಿ ಕೋಲಲ್ಲಿ ತಿರುವಿಹಾಕಬೇಕು. ಒಂದು ಹಿಡಿ ತಗೊಂಡು ಬಿಗಿಯಾಗಿ ಹಿಸುಕಿ ಕೈ ಬಿಚ್ಚಿ ನೋಡಿ. ಮುದ್ದೆಯಾಗಿ ನಿಂತರೆ ನೀರು ಜಾಸ್ತಿ. ಸ್ವಲ್ಪ ಅಂಟಿ ತಾನೇ ಉದುರಿದರೆ ಸರಿ. ಬರೀ ಧೂಳೆದ್ದರೆ ತೀರಾ ಒಣಗಿದೆ. ನೀರಿನ ತಟ್ಟೆ ಸುತ್ತಲೇ ಮೊದಲು ಒದ್ದೆಯಾಗೋದು, ಅಷ್ಟನ್ನ ಅವತ್ತೇ ತೆಗೆದು ಹೊಸದು ಹಾಕಿ. ಮಳೆ ದಿನಗಳಲ್ಲಿ ಅರಳಿದ ಸುಣ್ಣದ ಪುಡಿ ಸ್ವಲ್ಪ ಬೆರೆಸಿ. ಒದ್ದೆ ಹಾಸಿನಲ್ಲಿ ಬೂಷ್ಟು ಒಂದೇ ಅಲ್ಲ, ರಕ್ತಭೇದಿ ರೋಗವೂ ಬೆಳೆಯುತ್ತೆ. ಗೂಡೊಳಗೆ ಕುಕ್ಕರಗಾಲಲ್ಲಿ ಕೂತು, ಕೋಳಿ ಮೂಗಿನ ಎತ್ತರಕ್ಕೆ ಬಗ್ಗಿ ಉಸಿರು ಎಳೆದು ನೋಡಿ. ನಿಮ್ಮ ಕಣ್ಣು ಉರಿದರೆ ಅವುಗಳಿಗೂ ಉರೀತಿದೆ ಅಂತಲೇ ಅರ್ಥ.

ಹಳೇ ಹಾಸು ದಂಡ ಅಲ್ಲ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ನಾರಿನ ಪುಡಿಗೆ ಅಣಬೆ ಬೀಜ, ಯೂರಿಯಾ ಹಾಕಿ ಕೊಳೆಸಿ ಗೊಬ್ಬರ ಮಾಡೋ ದಾರಿ ತೋರಿಸಿದ್ದಾರೆ. ಕೋಳಿ ಹಿಕ್ಕೆಯಲ್ಲೇ ಯೂರಿಯಾದ ಸತ್ವ ಇರುತ್ತೆ. ಗುಂಡಿಗೆ ಹಾಕಿ ಚೆನ್ನಾಗಿ ಕಳಿತ ಮೇಲೆ ತೆಂಗಿನ ಬುಡಕ್ಕೆ ಕೊಡ್ತೀನಿ. ಹಸೀದು ಹಾಕಬೇಡಿ, ಬೇರು ಸುಡುತ್ತೆ.

ದುಡ್ಡು ಕೊಟ್ಟು ತಂದ ಉಮಿ ಒಂದು ಚೀಲಕ್ಕೆ ಎಷ್ಟಾದೀತು? ಆ ಹದಿನೇಳು ಮರಿಯ ಬೆಲೆಗೆ ಅದು ಯಾವ ಲೆಕ್ಕ? ಪುಕ್ಕಟೆ ಅಂತ ತಂದದ್ದೇ ನನಗೆ ತುಟ್ಟಿ ಬಿತ್ತು.

ಉಳಿದ ಹನ್ನೊಂದರಲ್ಲಿ ಎಂಟು ಹೇಂಟೆ. ಅವುಗಳ ಮೊಟ್ಟೆ, ಮರಿ ಮಾರಿ ಮೊಮ್ಮಗಳು ಕಳೆದ ವರ್ಷ ಸೈಕಲ್ ತಗೊಂಡಳು. ಈಗ ಮಿಲ್ಲಿಗೆ ನನ್ನ ಜೊತೆ ಅವಳೂ ಬರ್ತಾಳೆ. ಚೀಲದ ಬಾಯಿ ಬಿಚ್ಚಿಸಿ, ತಳದ ತನಕ ಕೈ ಹಾಕಿ, ಹಿಡಿ ತೆಗೆದು ಮೂಸಿ ನೋಡ್ತಾಳೆ. ಮಿಲ್ಲಿನವರು ನಗ್ತಾರೆ. ನಗಲಿ ಬಿಡಿ. ಅವಳು ಹೂಂ ಅಂದ ಮೇಲೇ ನಾನು ದುಡ್ಡು ಕೊಡೋದು.